ಚೆಸ್‌ನಲ್ಲಿ ಸೋಲೇ ಇಲ್ಲದ ಆಟ ಅಂತ ಒಂದಿದೆಯಾ?

ನೀವು ಕೇಳಿದ್ದು ಇಷ್ಟು: “ಈ ಓಪನಿಂಗ್ (ಆಟ ಶುರು ಮಾಡೋ ನಡೆಗಳ ಸಾಲು) ಕಲಿತರೆ ಯಾರೂ ನಿಮ್ಮನ್ನು ಸೋಲಿಸಲ್ಲ” ಅಂತ ಯೂಟ್ಯೂಬ್‌ನಲ್ಲಿ ದಿನಕ್ಕೊಂದು ವಿಡಿಯೋ ಬರುತ್ತೆ, ನಿಜಕ್ಕೂ ಅಂಥ ತಂತ್ರ ಇದೆಯಾ ಅಥವಾ ಬರೀ ಬುರುಡೆಯಾ?

ವಿಡಿಯೋ ಬುರುಡೆ. ತಂತ್ರ ಮಾತ್ರ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಚಹಾ ಇಟ್ಟುಕೊಂಡು ಓದಿ.

ನಾನೇನು ದೊಡ್ಡ ಆಟಗಾರ ಅಲ್ಲ. ಕಲಬುರಗಿಯ ಶಹಾಬಜಾರ್ ಕಡೆ ಒಂದು ಸೈಕಲ್ ರಿಪೇರಿ ಅಂಗಡಿ ಮುಂದೆ, ಸ್ಟೂಲ್ ಮೇಲೆ ಬೋರ್ಡ್ ಹಾಸಿಕೊಂಡು ಆಡಿ ಕಲಿತವನು. ಅಂಗಡಿ ಕಾಕಾನ ಸೆಟ್‌ನಲ್ಲಿ ಎರಡು ಪ್ಯಾದೆ ಕಳೆದುಹೋಗಿ ಎಷ್ಟೋ ವರ್ಷ ಆಗಿತ್ತು, ಅವುಗಳ ಬದಲು ಎರಡು ಸೈಕಲ್ ನಟ್ ನಿಲ್ಲಿಸುತ್ತಿದ್ದರು. ಕಾಕಾ ರಾಣಿಗೆ ವಜೀರ ಅಂತಲೇ ಅನ್ನುತ್ತಿದ್ದರು, ಚೆಕ್‌ಗೆ ಶೆಹ್. ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಅರ್ಧ ಉತ್ತರ ಆ ಸ್ಟೂಲ್ ಮೇಲೇ ಸಿಕ್ಕಿದ್ದು.

ಮೊದಲು ಒಂದು ಸಣ್ಣ ಆಟ. 21 ತೊಗರಿ ಕಾಳು ಎಣಿಸಿ ಇಡಿ. ನಮ್ಮ ಜಿಲ್ಲೆಯಲ್ಲಿ ಮನೇಲಿ ಬೇರೇನು ಇಲ್ಲದಿದ್ದರೂ ತೊಗರಿ ಇರುತ್ತೆ, ನಿಮ್ಮ ಕಡೆ ಹುಣಸೆ ಬೀಜ ಆದರೂ ನಡೀತದೆ. ಒಬ್ಬರಾದ ಮೇಲೆ ಒಬ್ಬರು ಒಂದು, ಎರಡು ಅಥವಾ ಮೂರು ಕಾಳು ಎತ್ತಬೇಕು. ಕೊನೆಯ ಕಾಳು ಎತ್ತಿದವರು ಗೆದ್ದ ಹಾಗೆ. ನಾನು ಮೊದಲು ಒಂದೇ ಕಾಳು ಎತ್ತುತ್ತೇನೆ. 20 ಉಳೀತು. ಇನ್ನು ನೀವು ಒಂದು ಎತ್ತಿದರೆ ನಾನು ಮೂರು, ನೀವು ಎರಡು ಎತ್ತಿದರೆ ನಾನೂ ಎರಡು, ನೀವು ಮೂರು ಎತ್ತಿದರೆ ನಾನು ಒಂದು. ಪ್ರತಿ ಸುತ್ತಿಗೆ ನಾಲ್ಕು ಖಾಲಿ. 16, 12, 8, 4, ಆಮೇಲೆ ಸೊನ್ನೆ, ಮತ್ತೆ ಆ ಕೊನೆ ಕಾಳು ನನ್ನ ಕೈಲಿ. ನೀವು ಎಷ್ಟೇ ಬುದ್ಧಿವಂತರಾಗಿರಿ, ರಾತ್ರಿಯಿಡೀ ಯೋಚಿಸಿ, ನಾನು ಎಣಿಕೆ ತಪ್ಪದಿದ್ದರೆ ನೀವು ಗೆಲ್ಲೋಕೆ ದಾರಿಯೇ ಇಲ್ಲ.

ಮುರಿಯಲಾಗದ ತಂತ್ರ ಅಂದರೆ ಇದು. ಎದುರಿನವರು ಏನು ಮಾಡಿದರೂ ಅದಕ್ಕೊಂದು ಸಿದ್ಧ ಉತ್ತರ ಇರಬೇಕು, ಒಂದಕ್ಕೂ ಬಿಡದೆ. ಓಪನಿಂಗ್ ವಿಡಿಯೋದಲ್ಲಿ ಸಿಗೋದು ಹತ್ತು ಹನ್ನೆರಡು ನಡೆಗಳು, ಅದೂ ಎದುರಿನವರು ವಿಡಿಯೋದವರಿಗೆ ಬೇಕಾದ ಹಾಗೆ ಆಡಿದರೆ ಮಾತ್ರ.

ಚೆಸ್‌ನಲ್ಲೂ ತೊಗರಿ ಕಾಳಿನ ಥರದ ದಾರಿ ಇರಲೇಬೇಕು ಅಂತ 1913ರಲ್ಲೇ ಎರ್ನ್ಸ್ಟ್ ಜರ್ಮೆಲೋ ಅನ್ನೋ ಜರ್ಮನ್ ಗಣಿತಜ್ಞ ತರ್ಕ ಕಟ್ಟಿ ಹೇಳಿದ. ಮೂರರಲ್ಲಿ ಒಂದು ನಿಜ ಆಗಲೇಬೇಕು: ಬಿಳಿ ಖಂಡಿತ ಗೆಲ್ಲೋ ದಾರಿ ಇದೆ, ಇಲ್ಲಾ ಕಪ್ಪು ಖಂಡಿತ ಗೆಲ್ಲೋ ದಾರಿ ಇದೆ, ಇಲ್ಲಾ ಇಬ್ಬರಿಗೂ ಕನಿಷ್ಠ ಡ್ರಾ ಉಳಿಸಿಕೊಳ್ಳೋ ದಾರಿ ಇದೆ. ಅಂದರೆ ಇಬ್ಬರಲ್ಲಿ ಒಬ್ಬರಿಗಾದರೂ ಸೋಲದ ದಾರಿ ಇದ್ದೇ ಇದೆ. ಯಾಕಂದ್ರೆ ಚೆಸ್‌ನಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ, ಅದೃಷ್ಟವೂ ಇಲ್ಲ. ಚೌಕಾಬಾರ ಬೇರೆ ಲೆಕ್ಕ. ಅಲ್ಲಿ ಕವಡೆ ಬೀಳದಿದ್ದರೆ ಎಂಥ ಜಾಣನೂ ಮುಖ ಒಣಗಿಸಿಕೊಂಡು ಕೂರಬೇಕು, ನಮ್ಮ ಅಜ್ಜಿ ಹತ್ತಿರ ಸೋತವರೆಲ್ಲ ಇದನ್ನೇ ಹೇಳುತ್ತಿದ್ದರು.

ಆದರೆ ದಾರಿ ಇದೆ ಅಂತ ಗೊತ್ತಾದರೆ ಸಾಕಾಗಲ್ಲ, ಅದನ್ನ ಹುಡುಕಬೇಕಲ್ಲ? ಚೆಸ್ ಬೋರ್ಡ್ ಮೇಲೆ ನಿಯಮಬದ್ಧವಾಗಿ ಬರಬಹುದಾದ ಸ್ಥಿತಿಗಳನ್ನು ಎಣಿಸಿದರೆ ಅಂದಾಜು ಒಂದರ ಮುಂದೆ 44 ಸೊನ್ನೆಯ ಹತ್ತಿರ ಹೋಗುತ್ತೆ. ಇಲ್ಲಿಯತನಕ ಪೂರ್ತಿ ಬಿಡಿಸಿರೋದು ರಾಜರನ್ನೂ ಸೇರಿಸಿ ಬೋರ್ಡ್ ಮೇಲೆ ಏಳು ಕಾಯಿ ಉಳಿದಾಗಿನ ಆಟಗಳನ್ನು ಮಾತ್ರ. ಅಷ್ಟಕ್ಕೇ ಸುಮಾರು 424 ಲಕ್ಷ ಕೋಟಿ ಸ್ಥಿತಿಗಳು. ಒಂದೊಂದು ಸ್ಥಿತಿಗೂ ಗೆಲುವಾ ಡ್ರಾನಾ ಅಂತ ಬರೆದಿಟ್ಟ, 2018ರಲ್ಲಿ ಮುಗಿದ ಸಿಜಿಜಿ ಅನ್ನೋ ಕೋಷ್ಟಕವನ್ನು ಚೆನ್ನಾಗಿ ಒತ್ತಿ ಅಡಕ ಮಾಡಿದರೂ 16 ಟೆರಾಬೈಟ್‌ಗಿಂತ ಜಾಸ್ತಿ ಜಾಗ ಬೇಕು. ಆಟ ಶುರುವಾಗೋದು 32 ಕಾಯಿಗಳಿಂದ, ನೆನಪಿರಲಿ. ಚೆಕರ್ಸ್ ಅನ್ನೋ ಚಿಕ್ಕ ಆಟವನ್ನೇ ಬಿಡಿಸೋಕೆ ಕೆನಡಾದ ಜೊನಾಥನ್ ಶೇಫರ್ ತಂಡಕ್ಕೆ 1989ರಿಂದ 2007ರವರೆಗೆ ಹಿಡಿಯಿತು. ಇಬ್ಬರೂ ತಪ್ಪದೆ ಆಡಿದರೆ ಡ್ರಾ ಅಂತ ಬಂತು. ಚೆಸ್ ಕೂಡ ಡ್ರಾ ಅಂತಲೇ ಹೆಚ್ಚಿನವರ ನಂಬಿಕೆ, ನನ್ನದೂ ಅದೇ. ಪುರಾವೆ ಮಾತ್ರ ಯಾರ ಹತ್ತಿರವೂ ಇಲ್ಲ.

ಈಗ ಕಾಕಾನ ವಿಷಯ. ಏಪ್ರಿಲ್ ತಿಂಗಳು, ಮಧ್ಯಾಹ್ನ, ಕರೆಂಟ್ ಬೇರೆ ಇಲ್ಲ. ನಮ್ಮೂರಿನ ಏಪ್ರಿಲ್ ಗೊತ್ತಲ್ಲ, ಬೋರ್ಡ್ ಮುಟ್ಟಿದರೆ ಕೈ ಸುಡುತ್ತೆ. ನಾನು ಬಿಳಿ, ಮತ್ತು ನಾನು ಗೆಲ್ಲುತ್ತಿದ್ದೆ. ನನ್ನ ಹತ್ತಿರ ಒಂದು ಒಂಟೆ (ಬಿಷಪ್), ಎರಡು ಪ್ಯಾದೆ. ಕಾಕಾನ ಹತ್ತಿರ ಒಂದೇ ಕುದುರೆ. ಸುಮ್ನೆ ಇದ್ದಕ್ಕಿದ್ದ ಹಾಗೆ ಕಾಕಾ ಆ ಕುದುರೆಯಿಂದ ನನ್ನ ನಡುವಿನ ಪ್ಯಾದೆ ತಿಂದರು. ನಾನು ಖುಷಿಯಿಂದ ಕುದುರೆ ತಿಂದೆ. ಮುದುಕರಿಗೆ ಕಣ್ಣು ಕಾಣಿಸಲ್ಲ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಈಗ ಕಾಕಾನ ಹತ್ತಿರ ಬರೀ ರಾಜ. ನನ್ನ ಹತ್ತಿರ ಒಂಟೆ, ಬಲಗಡೆ ತುದಿಯ ಸಾಲಿನಲ್ಲಿ ಒಂದು ಪ್ಯಾದೆ (ಅದು ಆ ನಟ್‌ಗಳಲ್ಲೇ ಒಂದು), ಮತ್ತೆ ರಾಜ. ಇದನ್ನ ಯಾರಾದರೂ ಗೆಲ್ಲುತ್ತಾರೆ, ಅಲ್ವಾ?

ಕಾಕಾ ರಾಜನನ್ನ ಒಂದೊಂದೇ ಮನೆ ನಡೆಸಿಕೊಂಡು ಹೋಗಿ ನನ್ನ ಪ್ಯಾದೆ ತುದಿ ಮುಟ್ಟಿ ರಾಣಿಯಾಗಬೇಕಿದ್ದ ಆ ಮೂಲೆಯಲ್ಲೇ ಕೂರಿಸಿದರು. ನನ್ನ ನಟ್‌ಗೆ ದಾರಿ ಬಂದ್. ಆ ಮೂಲೆ ಕಪ್ಪು ಮನೆ. ಒಂಟೆ ಓರೆಯಾಗಿ ಮಾತ್ರ ನಡೆಯುತ್ತೆ, ತನ್ನ ಬಣ್ಣದ ಮನೆ ಬಿಡಲ್ಲ; ನನ್ನದು ಓಡಾಡೋದು ಬಿಳಿ ಮನೆಗಳಲ್ಲಿ. ಜನ್ಮ ಎತ್ತಿ ಬಂದರೂ ಆ ಮೂಲೆಗೆ ಶೆಹ್ ಕೊಡೋಕಾಗಲ್ಲ. ಕಾಕಾ ಮೂಲೆಯಿಂದ ಪಕ್ಕದ ಮನೆಗೆ, ಪಕ್ಕದಿಂದ ಮೂಲೆಗೆ. ಪಕ್ಕದ ಮನೆಗಳನ್ನೆಲ್ಲ ಮುಚ್ಚಿ ಬಿಗಿ ಮಾಡಿದೆ ಅಂದರೆ ಅವರಿಗೆ ನಡೆಯೇ ಇಲ್ಲ, ಶೆಹ್ ಕೂಡ ಇಲ್ಲ, ಸ್ಟೇಲ್‌ಮೇಟ್, ಅದೂ ಡ್ರಾ. ನಲವತ್ತು ನಡೆ ಒದ್ದಾಡಿದೆ. ಕಾಕಾ ಅಷ್ಟರಲ್ಲಿ ಒಂದು ಟ್ಯೂಬ್‌ಗೆ ಪಂಚರ್ ಹಾಕಿ ಮುಗಿಸಿದರು. “ಎಷ್ಟ್ ಹೊಡೀತಿ ಹೊಡಿ ತಮ್ಮಾ, ನಾ ಈ ಮೂಲಿ ಬಿಟ್ಟು ಎಲ್ಲೀ ಹೋಗಂಗಿಲ್ಲ” ಅಂದರು.

ಎದುರಿಗೆ ಜಗತ್ತಿನ ಚಾಂಪಿಯನ್ ಕೂತರೂ, ದೊಡ್ಡ ಕಂಪ್ಯೂಟರ್ ಕೂತರೂ ಆ ಮೂಲೆ ಮುರಿಯಲ್ಲ. ಇದು ನಾನು ಕಣ್ಣಾರೆ ಕಂಡ, ನಿಜವಾಗಿಯೂ ಸೋಲಿಲ್ಲದ ಚೆಸ್ ತಂತ್ರ. ಚೆಸ್‌ನವರು ಇಂಥದ್ದಕ್ಕೆ ಕೋಟೆ ಅಂತಲೇ ಹೆಸರಿಟ್ಟಿದ್ದಾರೆ.

ಆದರೆ ಕಾಯಿ ತುಂಬಿದ ಬೋರ್ಡ್ ಮೇಲೆ ಕಟ್ಟೋ ಕೋಟೆಗಳನ್ನು ಅಷ್ಟು ನಂಬಬೇಡಿ. 2000ದಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ರಷ್ಯಾದ ಕ್ರಾಮ್ನಿಕ್ ಬರ್ಲಿನ್ ರಕ್ಷಣೆ ಅನ್ನೋ ಕಪ್ಪು ಕಡೆಯ ಓಪನಿಂಗ್ ಆಡಿ, ಚಾಂಪಿಯನ್ ಆಗಿದ್ದ ಕಾಸ್ಪರೋವ್‌ನಂಥವನಿಗೆ ಇಡೀ ಪಂದ್ಯದಲ್ಲಿ ಒಂದೇ ಒಂದು ಆಟ ಗೆಲ್ಲೋಕೆ ಬಿಡಲಿಲ್ಲ. ಅವತ್ತಿಂದ ಅದಕ್ಕೆ ಬರ್ಲಿನ್ ಗೋಡೆ ಅಂತಲೇ ಹೆಸರು. ಅದೇ ಗೋಡೆಯ ಹಿಂದೆ ನಿಂತು ನಮ್ಮ ಆನಂದ್ 2014ರಲ್ಲಿ ರಷ್ಯಾದ ಸೋಚಿಯಲ್ಲಿ ಅದೇ ಪಟ್ಟಕ್ಕಾಗಿ ನಾರ್ವೆಯ ಕಾರ್ಲ್‌ಸನ್ ಎದುರು 11ನೇ ಆಟ ಸೋತರು, ಪಂದ್ಯವೂ ಅಲ್ಲಿಗೆ ಮುಗೀತು. ಬೀದರ್ ಕೋಟೆ ನೋಡಿದ್ದೀರಲ್ಲ, ಬಂಡೆ ಕೊರೆದು ಮಾಡಿದ ಮೂರು ಸಾಲು ಕಂದಕ. 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿದಾಗ ಕೋಟೆಯವರು ಚೆನ್ನಾಗೇ ತಡೆದಿದ್ದರು, ಒಳಗೆ ಇಟ್ಟಿದ್ದ ಮದ್ದಿಗೇ ಬೆಂಕಿ ಬಿದ್ದು ಎಲ್ಲ ಕೆಟ್ಟಿತು. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದ ವಿಶ್ವ ಚಾಂಪಿಯನ್ ಪಂದ್ಯದಲ್ಲಿ ನಮ್ಮ ಗುಕೇಶ್ ಎದುರು ಚೀನಾದ ಡಿಂಗ್ ಲಿರೆನ್‌ಗೆ ಆಗಿದ್ದೂ ಹೆಚ್ಚು ಕಡಿಮೆ ಅದೇ. ಕೊನೆಯ, 14ನೇ ಆಟ. ಒಂದು ಪ್ಯಾದೆ ಕಡಿಮೆ ಇದ್ದರೂ ಡ್ರಾ ಆಗೋ ಸ್ಥಿತಿ. 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ಇಟ್ಟರು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಗೋದೂ ಖಾತ್ರಿಯಾಯಿತು, ಉಳಿದ ಪ್ಯಾದೆ ಆಟ ಗುಕೇಶ್‌ಗೆ ಗೆಲುವು. ಸೋಲದ ದಾರಿ ಡಿಂಗ್ ಮುಂದೆಯೇ ಇತ್ತು. ನಾಲ್ಕು ಗಂಟೆ ಕೂತ ತಲೆಗೆ ಕಾಣಲಿಲ್ಲ.

ದಾರಿ ಇದೆ ಅಂತ ಗೊತ್ತಿದ್ದೂ ನಡೆಯೋಕಾಗದ ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. 1970ರ ದಶಕದ ಕೊನೆಗೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ರಾಣಿ ಎದುರು ಆನೆಯ ಆಟವನ್ನು ಕಂಪ್ಯೂಟರ್‌ನಲ್ಲಿ ಪೂರ್ತಿ ಬಿಡಿಸಿಟ್ಟಿದ್ದ. ಅಮೆರಿಕದ ಚಾಂಪಿಯನ್ ವಾಲ್ಟರ್ ಬ್ರೌನ್‌ಗೆ ರಾಣಿ ಕೊಟ್ಟು, ಆನೆ ಕಡೆ ಕಂಪ್ಯೂಟರ್ ಕೂರಿಸಿದರು. ರಾಣಿ ಕಡೆಯವರು ಗೆಲ್ಲಲೇಬೇಕಾದ ಆಟ ಅದು. ಬ್ರೌನ್‌ಗೆ 50 ನಡೆಯ ಮಿತಿಯೊಳಗೆ (ಅಷ್ಟರಲ್ಲಿ ಯಾವ ಕಾಯಿಯನ್ನೂ ತಿನ್ನದಿದ್ದರೆ, ಪ್ಯಾದೆ ನಡೆಸದಿದ್ದರೆ ಡ್ರಾ) ಆಗಲಿಲ್ಲ! ಮನೆಗೆ ಹೋಗಿ ಓದಿಕೊಂಡು ಬಂದು ಎರಡನೇ ಸಲ ಗೆದ್ದರು, ಅದೂ ಸರಿಯಾಗಿ 50ನೇ ನಡೆಗೆ.

ಹಾಗಾಗಿ ನಿಮ್ಮ ವಿಡಿಯೋ ವಿಷಯಕ್ಕೆ ಬರೋಣ. ರಾಣಿ, ಒಂಟೆ ಎರಡೂ ಸೇರಿ ನಾಲ್ಕೇ ನಡೆಯಲ್ಲಿ ಮಾತ್ (ಚೆಕ್‌ಮೇಟ್) ಕೊಡೋ ಉಪಾಯ ಇದೆಯಲ್ಲ, ಚಿಕ್ಕವನಿದ್ದಾಗ ನಾನೂ ಅದನ್ನೇ ಬ್ರಹ್ಮಾಸ್ತ್ರ ಅಂದುಕೊಂಡಿದ್ದೆ. ಎರಡು ವಾರ ಓಣಿಯಲ್ಲಿ ನಾನೇ ರಾಜ. ಆಮೇಲೆ ಕಾಕಾನ ಮೊಮ್ಮಗಳು, ಆಗ ಮೂರನೇ ಕ್ಲಾಸು, ಒಂದು ಪ್ಯಾದೆ ಒಂದೇ ಮನೆ ತಳ್ಳಿ ನನ್ನ ರಾಣಿಯನ್ನ ಓಡಿಸಿದಳು, ಕುದುರೆ ತಂದು ಅಡ್ಡ ನಿಲ್ಲಿಸಿದಳು, ಮುಂದೆ ಹತ್ತು ನಡೆ ನಾನು ರಾಣಿಯನ್ನ ಬಚ್ಚಿಡೋದರಲ್ಲೇ ಕಳೆದೆ. ಲಂಡನ್ ಸಿಸ್ಟಮ್ ಅಂತ ಮಾರುತ್ತಾರಲ್ಲ, ಅದು ಇಷ್ಟು ಕೆಟ್ಟದ್ದಲ್ಲ, ಒಳ್ಳೆಯ ಓಪನಿಂಗೇ. ಕಲೀರಿ. ಹದಿನೈದನೇ ನಡೆಯಿಂದ ಮುಂದೆ ನೀವೇ ಯೋಚನೆ ಮಾಡಬೇಕು ಅನ್ನೋದನ್ನ ಮಾತ್ರ ಆ ವಿಡಿಯೋದವರು ಹೇಳಲ್ಲ.

ಸೋಲಿಲ್ಲದ್ದು ಏನಾದರೂ ಬೇಕೇ ಬೇಕು ಅಂದರೆ ಕೊನೆ ಆಟದಿಂದ ಶುರು ಮಾಡಿ. ನಾಲ್ಕೈದು ಕಾಯಿ ಇದ್ದಾಗ ಯಾವುದು ಖಂಡಿತ ಡ್ರಾ, ಯಾವುದು ಖಂಡಿತ ಗೆಲುವು ಅಂತ ನೋಡಿ. ಅಲ್ಲಿ ಕಲಿತದ್ದು ಯಾವ ವಿಡಿಯೋ ಬಂದರೂ ಹಳೇದಾಗಲ್ಲ. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಏಳು ಕಾಯಿಯ ಕೋಷ್ಟಕ ಪುಕ್ಕಟೆ ನೋಡಬಹುದು, ಕಾಯಿ ಇಟ್ಟರೆ ಸಾಕು, ಗೆಲುವಾ ಡ್ರಾನಾ ಅಂತ ಹೇಳಿಬಿಡುತ್ತೆ.

ನಾನೂ ಆವತ್ತಿನ ಆಟದಿಂದ ಕಲಿತೆ ಅಂದುಕೊಂಡಿದ್ದೆ. ಮುಂದಿನ ವಾರ ಹಟ ಹಿಡಿದು ಕಪ್ಪು ಮನೆಯ ಒಂಟೆಯನ್ನೇ ಉಳಿಸಿಕೊಂಡೆ. ಕಾಕಾ ನನ್ನ ಬಲಗಡೆಯ ಪ್ಯಾದೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿಕೊಂಡು, ಎಡಗಡೆ ತುದಿಯದ್ದೊಂದನ್ನು ಮಾತ್ರ ನನಗೆ ಬಿಟ್ಟರು. ಆ ಕಡೆಯ ಮೂಲೆ ಬಿಳಿ.