ಓದುಗರ ಪ್ರಶ್ನೆ, ನಮ್ಮ ಉತ್ತರ: ಸದ್ದು ಕೇಳಿ ಜೀವಿಗಳನ್ನು ಲೆಕ್ಕಹಾಕಬಹುದೇ?

ಪ್ರಶ್ನೆ: ಕಾಡಿನಲ್ಲಿ ರೆಕಾರ್ಡರ್ ಇಟ್ಟು, ಅದರಲ್ಲಿ ದಾಖಲಾದ ಸದ್ದುಗಳಿಂದ ಅಲ್ಲಿ ಯಾವ ಪ್ರಾಣಿಪಕ್ಷಿಗಳಿವೆ, ಎಷ್ಟಿವೆ ಎಂದು ತಿಳಿಯಬಹುದು ಎಂದು ಓದಿದ್ದೇನೆ. ಇದು ಎಷ್ಟರ ಮಟ್ಟಿಗೆ ನಿಜ?

ಉತ್ತರ: ಯಾವುವು ಇವೆ ಎಂಬುದನ್ನು ಸಾಕಷ್ಟು ನಂಬಿಕೆಯಿಂದ ಹೇಳಬಹುದು, ಎಷ್ಟಿವೆ ಎಂಬುದನ್ನು ಹೇಳುವುದು ಬಹಳ ಕಷ್ಟ. ಒಂದೇ ಹಕ್ಕಿ ಒಂದು ಬೆಳಗಿನಲ್ಲಿ ನೂರಾರು ಬಾರಿ ಕೂಗಬಹುದು, ಪಕ್ಕದ ಮರದ ಹತ್ತು ಹಕ್ಕಿಗಳು ಸುಮ್ಮನಿರಬಹುದು. ಅನೇಕ ಪ್ರಭೇದಗಳಲ್ಲಿ ಮುಖ್ಯವಾಗಿ ಗಂಡು ಹಾಡುತ್ತದೆ, ಅದೂ ಸಂತಾನೋತ್ಪತ್ತಿಯ ಕಾಲದಲ್ಲಿ. ಆದ್ದರಿಂದ ಕೂಗುಗಳ ಎಣಿಕೆಯನ್ನು ಹಕ್ಕಿಗಳ ಎಣಿಕೆ ಎಂದು ಓದಬಾರದು. ಕೂಗು ಕೇಳಿಸದಿದ್ದರೆ ಆ ಜೀವಿ ಅಲ್ಲಿಲ್ಲ ಎಂದೂ ತೀರ್ಮಾನಿಸಬಾರದು. ಈ ಕಾರಣಕ್ಕಾಗಿಯೇ ಸಂಶೋಧಕರು ಹಲವು ಕಡೆ ರೆಕಾರ್ಡರುಗಳನ್ನಿಟ್ಟು, ಮತ್ತೆ ಮತ್ತೆ ಧ್ವನಿ ಮುದ್ರಿಸಿ, ಒಂದು ಪ್ರಭೇದ ಎಷ್ಟು ಸಲ ದೊರೆಯಿತು ಎಂಬುದರಿಂದ ಅದು ಇದ್ದೂ ತಪ್ಪಿಸಿಕೊಂಡಿರುವ ಸಾಧ್ಯತೆಯನ್ನು ಗಣಿತದ ಮೂಲಕ ಅಂದಾಜಿಸುತ್ತಾರೆ.

ದೂರದ ಪ್ರಶ್ನೆಯೂ ಇದೆ. ಹೆಚ್ಚಿನ ಕಂಪನಾಂಕದ ಸದ್ದನ್ನು ಗಾಳಿ ಮತ್ತು ಎಲೆಗಳು ಬೇಗ ಹೀರಿಕೊಳ್ಳುವುದರಿಂದ ಬಾವಲಿಗಳ ಕೂಗು ಸಾಮಾನ್ಯವಾಗಿ ಕೆಲವು ಹತ್ತು ಮೀಟರುಗಳಾಚೆ ಸಿಗುವುದಿಲ್ಲ. ಆನೆಗಳ ಗುಡುಗುದನಿಯಾದರೋ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಹೀಗಾಗಿ ಒಂದೇ ಯಂತ್ರದಲ್ಲಿ ದೊರೆತ ಎರಡು ಪ್ರಭೇದಗಳ ಕೂಗುಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ.

ಇಷ್ಟೆಲ್ಲ ಮಿತಿಗಳಿದ್ದರೂ ಈ ವಿಧಾನದ ಮೌಲ್ಯ ದೊಡ್ಡದು ಎಂದೇ ನಾನು ನಂಬುತ್ತೇನೆ. ಆನೆಗಳು 20 ಹರ್ಟ್ಜ್‌ಗಿಂತ ಕೆಳಗೆ, ಅಂದರೆ ನಮ್ಮ ಕಿವಿಗೆ ನಿಲುಕದ ದನಿಯಲ್ಲಿ ಸಂಭಾಷಿಸುತ್ತವೆ ಎಂಬುದು ಬೆಳಕಿಗೆ ಬಂದದ್ದು ಧ್ವನಿಮುದ್ರಣದಿಂದ: 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದ ಆನೆಗಳ ಬಳಿ ಪ್ರಾಣಿಗಳ ದನಿಯ ಸಂಶೋಧಕಿ ಕೇಟಿ ಪೇನ್ ಗಾಳಿಯಲ್ಲಿ ಒಂದು ಬಗೆಯ ಮಿಡಿತವನ್ನು ಗಮನಿಸಿದ್ದರು, ಅಲ್ಲಿ ಮುದ್ರಿಸಿದ್ದನ್ನು ವೇಗ ಹೆಚ್ಚಿಸಿ ಕೇಳಿದಾಗ ಆ ದನಿಗಳು ಸ್ಪಷ್ಟವಾದವು. ಅವರು 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಎಲಿಫೆಂಟ್ ಲಿಸನಿಂಗ್ ಪ್ರಾಜೆಕ್ಟ್, ವಿಮಾನದಿಂದಲೂ ಆನೆಗಳು ಕಾಣದಷ್ಟು ದಟ್ಟವಾದ ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಅವುಗಳ ಓಡಾಟವನ್ನು ಸದ್ದಿನಿಂದಲೇ ಅರಿಯುತ್ತಿದೆ. ಬೇಟೆಗಾರರ ಗುಂಡಿನ ಸದ್ದೂ ಅದೇ ಮುದ್ರಣದಲ್ಲಿ ಸಿಗುತ್ತದೆ.

ಪ್ರಶ್ನೆ: ತಂತ್ರಾಂಶವು ಹಕ್ಕಿಯ ಹೆಸರು ಹೇಳಿದರೆ ಅದನ್ನು ಒಪ್ಪಬಹುದೇ?

ಉತ್ತರ: ಪರಿಶೀಲಿಸದೆ ಒಪ್ಪಬೇಡಿ. ಉದಾಹರಣೆಗೆ, ಬರ್ಡ್‌ನೆಟ್ ಎಂಬ ತಂತ್ರಾಂಶವು ಮುದ್ರಣವನ್ನು 3 ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಸದ್ದಿನ ಚಿತ್ರವಾಗಿ ಮಾರ್ಪಡಿಸಿ, ಹೆಸರಿನೊಂದಿಗೆ 0ಯಿಂದ 1ರವರೆಗಿನ ಒಂದು ಅಂಕವನ್ನು ಕೊಡುತ್ತದೆ. 0.8 ಬಂದರೆ ಶೇ 80ರಷ್ಟು ಖಚಿತ ಎಂದು ಹಲವರು ಭಾವಿಸುತ್ತಾರೆ, ಅದು ತಪ್ಪು. ಅದೇ ಅಂಕ ಒಂದು ಪ್ರಭೇದದಲ್ಲಿ ಬಹುತೇಕ ಸರಿಯಾಗಿದ್ದು, ಇನ್ನೊಂದರಲ್ಲಿ ಮತ್ತೆ ಮತ್ತೆ ದಾರಿ ತಪ್ಪಿಸಬಹುದು. ಇಂಥ ತಂತ್ರಾಂಶಗಳು ಜನರು ಮುದ್ರಿಸಿ ಹಂಚಿಕೊಂಡ ಸಂಗ್ರಹಗಳಿಂದ ಕಲಿಯುತ್ತವೆಯಾದ್ದರಿಂದ, ಮುದ್ರಣಗಳು ಕಡಿಮೆಯಿರುವ ಪ್ರಭೇದಗಳಲ್ಲಿ ಅವು ಸುಲಭವಾಗಿ ಎಡವುತ್ತವೆ. ಪ್ರತಿ ಪ್ರಭೇದಕ್ಕೂ ಒಂದಷ್ಟು ತುಣುಕುಗಳನ್ನು ಆರಿಸಿ, ಆ ದನಿಯನ್ನು ಬಲ್ಲವರು ಕಿವಿಯಾರೆ ಕೇಳಿ ತಾಳೆ ನೋಡುವ ಕೆಲಸವನ್ನು ಬಿಡಲಾಗದು.

ಪ್ರಶ್ನೆ: ಮೊಬೈಲ್ ಫೋನಿನಿಂದಲೇ ಆರಂಭಿಸಬಹುದೇ?

ಉತ್ತರ: ಹಕ್ಕಿ, ಕಪ್ಪೆಗಳಿಗೆ ಖಂಡಿತ ಆಗುತ್ತದೆ. ಬಾವಲಿಗಳಿಗೆ ಆಗುವುದಿಲ್ಲ: ಒಂದು ಸದ್ದನ್ನು ಸರಿಯಾಗಿ ಹಿಡಿಯಲು ಅದರ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಮಾದರಿಗಳನ್ನು ತೆಗೆಯಬೇಕು, ಅಂದರೆ ಸದ್ದನ್ನು ಸೆಕೆಂಡಿಗೆ ಅಷ್ಟು ಸಲ ಅಳೆಯಬೇಕು; ಬಾವಲಿಗಳ ಕೂಗಿನ ಕಂಪನಾಂಕವೋ ಬಹಳ ಹೆಚ್ಚು. ಫೋನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಥವಾ 48,000 ಮಾದರಿ ತೆಗೆದರೆ, ಆಡಿಯೋಮಾತ್ ಎಂಬ ಪುಟ್ಟ ರೆಕಾರ್ಡರ್ 3,84,000ದವರೆಗೂ ತೆಗೆಯಬಲ್ಲದು. ಎಂಪಿ3 ಬದಲು ವೇವ್ ಕಡತವಾಗಿ ಉಳಿಸಿ, ಏಕೆಂದರೆ ಗಾತ್ರ ಕುಗ್ಗಿಸುವಾಗ ಎಂಪಿ3 ಸೂಕ್ಷ್ಮ ವಿವರಗಳನ್ನು ಕಳೆದುಬಿಡುತ್ತದೆ. 48,000 ಮಾದರಿಯ 16 ಬಿಟ್‌ನ ಏಕವಾಹಿನಿ (ಮೋನೊ) ಮುದ್ರಣಕ್ಕೆ ಗಂಟೆಗೆ ಸುಮಾರು 346 ಮೆಗಾಬೈಟ್ ಬೇಕಾಗುವುದರಿಂದ, ದಿನವಿಡೀ ಮುದ್ರಿಸುವ ಬದಲು ಹತ್ತು ನಿಮಿಷಕ್ಕೊಂದು ನಿಮಿಷದಂತೆ ಮುದ್ರಿಸಿದರೂ ಅನೇಕ ಉದ್ದೇಶಗಳಿಗೆ ಸಾಕು. ದಿನಾಂಕ, ವೇಳೆ, ಸ್ಥಳ, ಗಾಳಿ ಮಳೆಗಳ ವಿವರವನ್ನು ಅಂದೇ ಬರೆದಿಡಿ. ಜನರ ಮಾತು ಸೇರಿಕೊಂಡಿದ್ದರೆ ಆ ಭಾಗವನ್ನು ಯಾರೊಂದಿಗೂ ಹಂಚಿಕೊಳ್ಳುವ ಮುನ್ನ ತೆಗೆದುಹಾಕಿ.