ಮೈಗೆ ಹಚ್ಚುವ ಲೋಷನ್ ಕೂದಲಿಗೂ ಆಗುತ್ತದೆಯೇ?

ಕಂಡಿಷನರ್ ಮುಗಿದಿದೆ, ಮೈಗೆ ಹಚ್ಚುವ ಲೋಷನ್ ಬೇಕಾದಷ್ಟಿದೆ, ಅದನ್ನೇ ಹಚ್ಚಿದರೆ ಒರಟು ಕೂದಲು ನಯವಾಗುತ್ತದೆಯೇ, ಏನಾದರೂ ಕೆಡುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಹಚ್ಚಬಹುದು. ಆದರೆ ತುದಿಗೆ ಮಾತ್ರ, ತೀರಾ ಸ್ವಲ್ಪ, ಹಚ್ಚಿದ ಮೇಲೆ ತೊಳೆಯದೆ. ನನ್ನದು ಉದ್ದನೆಯ ಗುಂಗುರು ಕೂದಲು. ಕೈಗೆ ಲೋಷನ್ ಹಚ್ಚಿಕೊಂಡ ಮೇಲೆ ಅಂಗೈಯಲ್ಲಿ ಉಳಿದ ಪಸೆಯನ್ನು ಕೂದಲ ತುದಿಗೆ ಸವರಿಕೊಳ್ಳುವುದು ನನಗೆ ರೂಢಿ.

ಎರಡೂ ಬಾಟಲಿಗಳ ಹಿಂಬದಿಯನ್ನು ಓದಿ ನೋಡಿ, ಅರ್ಧ ಪಟ್ಟಿ ಒಂದೇ ಆಗಿರುತ್ತದೆ: ನೀರು, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಡೈಮೆಥಿಕೋನ್. (ಆಲ್ಕೋಹಾಲ್ ಎಂದು ಕಂಡೊಡನೆ ಹೆದರಬೇಡಿ. ಇದು ಮೇಣದಂಥ ಜಿಡ್ಡು ಪದಾರ್ಥ, ಕೂದಲನ್ನು ಒಣಗಿಸುವ ಸ್ಪಿರಿಟ್ ಅಲ್ಲ.) ವ್ಯತ್ಯಾಸ ಇರುವುದು ಅಂಟಿಕೊಳ್ಳುವ ಗುಣದಲ್ಲಿ. ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶವಿರುತ್ತದೆ. ಬ್ಲೀಚ್ ಮಾಡಿಸಿ ಹಾಳಾದ ಕೂದಲಲ್ಲಿ ಅದು ಇನ್ನೂ ಹೆಚ್ಚು. ಕಂಡಿಷನರ್‌ನಲ್ಲಿರುವ ಸೆಟ್ರಿಮೋನಿಯಂ, ಬೆಹೆಂಟ್ರಿಮೋನಿಯಂ ಎಂಬ ಪದಾರ್ಥಗಳದ್ದು ಧನ ಆವೇಶ. ಆದ್ದರಿಂದ ಅವು ಹಾಳಾದ ಜಾಗಗಳನ್ನೇ ಹುಡುಕಿ ಹಿಡಿದುಕೊಳ್ಳುತ್ತವೆ, ನೀರು ಹಾಕಿದ ಮೇಲೂ ತೆಳುವಾದ ಪದರವಾಗಿ ಉಳಿಯುತ್ತವೆ. ಹೆಚ್ಚಿನ ಲೋಷನ್‌ಗಳಲ್ಲಿ ಇವು ಇರುವುದಿಲ್ಲ. ಸ್ನಾನದಲ್ಲಿ ಹಚ್ಚಿ ತೊಳೆದರೆ ಬಹುಪಾಲು ನೀರಿನೊಂದಿಗೇ ಹೋಗುತ್ತದೆ, ಸಿಕ್ಕು ಹಾಗೆಯೇ ಉಳಿಯುತ್ತದೆ. ಒಣ ಚರ್ಮಕ್ಕೆಂದು ಮಾಡಿದ ಕೆಲವು ಕ್ರೀಮ್‌ಗಳಲ್ಲಿ ಬೆಹೆಂಟ್ರಿಮೋನಿಯಂ ಮೆಥೋಸಲ್ಫೇಟ್ ಇರುವುದುಂಟು. ನಿಮ್ಮ ಬಾಟಲಿಯ ಮೇಲೆ ಆ ಹೆಸರು ಕಂಡರೆ ಅದೃಷ್ಟವೆನ್ನಿ.

ಮುಖಕ್ಕೆ ಹಚ್ಚುವ ದುಬಾರಿ ಸೀರಮ್‌ಗಳನ್ನು ಮಾತ್ರ ಕೂದಲಿಗೆ ಸುರಿಯಬೇಡಿ. ಅವುಗಳಲ್ಲಿರುವ ರೆಟಿನಾಲ್, ನಯಾಸಿನಮೈಡ್ ಇವೆಲ್ಲ ಕೆಲಸ ಮಾಡುವುದು ಜೀವಂತ ಕೋಶಗಳ ಮೇಲೆ. ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವವಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. 30 ಸೆಂ.ಮೀ. ಉದ್ದದ ಕೂದಲಿನ ತುದಿ ಎಂದರೆ ಎರಡೂವರೆ ವರ್ಷ ಬಿಸಿಲು, ಬಾಚಣಿಗೆ, ಟವೆಲ್ ಎಲ್ಲವನ್ನೂ ತಡೆದುಕೊಂಡದ್ದು. ಅದಕ್ಕೆ ಪೋಷಣೆ ಎಂಬುದು ಜಾಹೀರಾತಿನ ಮಾತು. ಬೇಕಾದದ್ದು ಜಾರುವಂತೆ ಮಾಡುವ ಒಂದು ಹೊದಿಕೆ, ಅಷ್ಟೇ.

ಬೇಬಿ ಆಯಿಲ್ ಆ ಕೆಲಸವನ್ನು ಮಾಡುತ್ತದೆ. ಅದು ಸಾಮಾನ್ಯವಾಗಿ ಖನಿಜ ತೈಲ. ಕೂದಲಿನ ಮೇಲೆಯೇ ಕುಳಿತು ಹೊಳಪು ಕೊಡುತ್ತದೆ. ಒಳಗೆ ಇಳಿಯುವುದು ಕೊಬ್ಬರಿ ಎಣ್ಣೆ. ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನಿನ ಪ್ರಮಾಣವನ್ನು ಕೊಬ್ಬರಿ ಎಣ್ಣೆ ತಗ್ಗಿಸುತ್ತದೆ, ಖನಿಜ ತೈಲ ತಗ್ಗಿಸುವುದಿಲ್ಲ ಎಂಬುದು 2003ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಕಂಡುಬಂತು. ಪೆಟ್ರೋಲಿಯಂ ಜೆಲ್ಲಿಯನ್ನು ನಾನು ತಲೆಯ ಹತ್ತಿರಕ್ಕೂ ತರುವುದಿಲ್ಲ. ಶಾಂಪೂಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಈಗಾಗಲೇ ಹಚ್ಚಿಕೊಂಡಿದ್ದರೆ ಮೊದಲು ಎಣ್ಣೆ ತಿಕ್ಕಿ ಸಡಿಲಿಸಿ, ಆಮೇಲೆ ಶಾಂಪೂ ಹಾಕಿ. ಬರೀ ಗ್ಲಿಸರಿನ್ ಕೂಡ ಬೇಡ, ಅಂಟಂಟಾಗುತ್ತದೆ. ತೇವದ ಹವೆಯಲ್ಲಂತೂ ನೀರನ್ನು ಎಳೆದುಕೊಂಡು ಗುಂಗುರು ಕೂದಲನ್ನು ಕೆದರಿಸಿಬಿಡುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಔಷಧದ ಅಂಶವಿರುವ ಕ್ರೀಮ್‌ಗಳ ವಿಷಯದಲ್ಲಿ. ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಕೂದಲಿನ ಬಣ್ಣವನ್ನು ಬಿಳಿಚಿಸುತ್ತದೆ, ದಿಂಬಿನ ಚೀಲವನ್ನೂ ಬಿಡುವುದಿಲ್ಲ. ಒಡೆದ ಹಿಮ್ಮಡಿಗೆಂದು ಮಾಡಿದ, ಯೂರಿಯಾ ಹೆಚ್ಚಿರುವ ಕ್ರೀಮ್‌ಗಳ ಕೆಲಸವೇ ಕೆರಾಟಿನ್ ಎಂಬ ಪ್ರೋಟೀನಿನ ಗಟ್ಟಿಯಾದ ಪದರವನ್ನು ಸಡಿಲಿಸುವುದು. ಕೂದಲೂ ಕೆರಾಟಿನ್ನೇ ಅಲ್ಲವೇ? ಇನ್ನು ಯಾವ ಲೋಷನ್ ಆದರೂ ನೆತ್ತಿಗೆ ತಾಗಿಸಬೇಡಿ. ತಲೆಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಹಣೆಯಂಚಿನ ಕೂದಲಿಗೆ ಹಚ್ಚಿದರೆ ಅಲ್ಲಿ ಮೊಡವೆಯೂ ಏಳಬಹುದು.

ಹಚ್ಚುವ ಕ್ರಮ: ತಲೆ ಒರೆಸಿಕೊಂಡ ಮೇಲೆ, ಕೂದಲಲ್ಲಿ ಇನ್ನೂ ಪಸೆ ಇರುವಾಗ, ಬಟಾಣಿ ಕಾಳಿನಷ್ಟು ಲೋಷನ್ ಅನ್ನು ಎರಡೂ ಅಂಗೈಗಳಿಗೆ ಹರಡಿ, ಕಿವಿಯಿಂದ ಕೆಳಗಿನ ಭಾಗಕ್ಕೆ ಸವರಿ. ಸಾಲದಿದ್ದರೆ ಒಣಗಿದ ಮೇಲೆ ಇನ್ನಷ್ಟು ಹಚ್ಚಬಹುದು; ಹೆಚ್ಚಾದರೆ ಮತ್ತೆ ತಲೆಸ್ನಾನವೇ ಗತಿ. ನೇರವಾದ, ತೆಳುವಾದ ಕೂದಲಿದ್ದವರಿಗೆ ಇಷ್ಟೂ ಭಾರವಾಗಿ ಜೋತುಬೀಳಬಹುದು. ಅಂಥವರು ಕಂಡಿಷನರ್ ಕೊಳ್ಳುವವರೆಗೆ ತಡೆದುಕೊಳ್ಳುವುದೇ ಒಳ್ಳೆಯದು.