ಬೇರೆ ಬೇರೆ ಕಡೆಯ ಪಾರ್ಟ್ಸ್ ಜೋಡಿಸಿ ಯಮಹಾ ಬ್ಯಾನ್‌ಷೀ ಎಟಿವಿಯ ಎಂಜಿನ್ನನ್ನು 421 ಸಿಸಿ ಮಾಡಬಹುದಾ?

ಮಾಡಬಹುದು. ಆದರೆ "ಬೋಲ್ಟ್ ಹಾಕಿ ಬಿಗಿದರೆ ಸಾಕಾ" ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ ಸಾಲದು ಅಂತ.

ನಿಮ್ಮ ಹತ್ತಿರ ಇರುವುದು ಇಷ್ಟು ಅಂತ ಬರೆದಿದ್ದೀರಿ: ಯಮಹಾ ಬ್ಯಾನ್‌ಷೀ ಎಟಿವಿಯ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಹಳೆಯ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಪೆಟ್ಟಿಗೆ), 115 ಮಿಮೀ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡ) ಇರುವ 4 ಮಿಮೀ ಸ್ಟ್ರೋಕರ್ ಕ್ರ್ಯಾಂಕ್ (ಪಿಸ್ಟನ್ನಿನ ಓಟ, ಅಂದರೆ ಸ್ಟ್ರೋಕ್, 4 ಮಿಮೀ ಹೆಚ್ಚಿಸುವಂಥದ್ದು), ಯಾರೋ ಬಿಚ್ಚಿ ಮಾರಿದ 68 ಮಿಮೀ ಬೋರ್ (ಒಳ ವ್ಯಾಸ) ಸಿಲಿಂಡರ್ ಜೋಡಿ, ಡಬ್ಬಿ ಇಲ್ಲದೆ ಬಂದ ಎರಡು ಪಿಸ್ಟನ್, ಮತ್ತೆ ಕಂಪನಿಯ ಹಳೆ ಹೆಡ್. ಒಂದೊಂದೂ ಒಳ್ಳೆಯ ಮಾಲೇ ಇರಬಹುದು. ಒಟ್ಟಿಗೆ ಸೇರಿಸಿದಾಗ ಎತ್ತು ಏರಿಗೆ, ಕೋಣ ನೀರಿಗೆ ಆಗುತ್ತದೆ. ಯಾವುದು ಯಾವುದಕ್ಕೆ ಹೊಂದುತ್ತದೆ ಅನ್ನುವುದನ್ನು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ, ಅಳೆಯಲೇಬೇಕು.

ಮೊದಲು ಪಿಸ್ಟನ್. ಸ್ಟಾಕ್ ಬ್ಯಾನ್‌ಷೀಯಲ್ಲಿ ಬೋರ್ 64, ಸ್ಟ್ರೋಕ್ 54, ರಾಡ್ 110 ಮಿಮೀ. ಎರಡು ಸಿಲಿಂಡರ್ ಸೇರಿ 347 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಪಿನ್ (ರಾಡ್ ಸೇರುವ ಅಡ್ಡ ಕಡ್ಡಿ) ಕ್ರ್ಯಾಂಕಿನ ಮಧ್ಯದಿಂದ ಅರ್ಧ ಸ್ಟ್ರೋಕ್ 27 ಕೂಡಿಸು ರಾಡ್ 110, ಅಂದರೆ 137 ಮಿಮೀ ಎತ್ತರದಲ್ಲಿರುತ್ತದೆ. ನಿಮ್ಮ ಕ್ರ್ಯಾಂಕಿನಲ್ಲಿ ಸ್ಟ್ರೋಕ್ 58, ರಾಡ್ 115, ಆದ್ದರಿಂದ 29 ಕೂಡಿಸು 115, ಅಂದರೆ 144. ಏಳು ಮಿಲಿಮೀಟರ್ ಜಾಸ್ತಿ! ಇದರ ಮೇಲೆ ಮಾಮೂಲಿ ರಾಡ್‌ಗೆ ಅಂತ ಮಾಡಿದ ಪಿಸ್ಟನ್ ಹಾಕಿದರೆ ಅದು ಸಿಲಿಂಡರಿನಿಂದ ಹೊರಗೆ ತಲೆ ಹಾಕುತ್ತದೆ. ಉದ್ದ ರಾಡ್‌ನ ಪಿಸ್ಟನ್‌ಗಳಲ್ಲಿ ಪಿನ್ ತೂತು 5 ಮಿಮೀ ಮೇಲಕ್ಕೆ ಇರುತ್ತದೆ, ಆಗ ಉಳಿಯುವುದು ಬರೀ 2 ಮಿಮೀ.

ಹಾಗಾಗಿ ನಿಮ್ಮ ಆ ಅನಾಮಧೇಯ ಪಿಸ್ಟನ್ ತೆಗೆದುಕೊಂಡು, ವರ್ನಿಯರ್‌ನಲ್ಲಿ ಪಿನ್ ತೂತಿನ ಮೇಲಂಚಿನಿಂದ ಪಿಸ್ಟನ್ ತಲೆಯ ಹೊರ ಅಂಚಿನವರೆಗೆ ಅಳೆಯಿರಿ (ಮಧ್ಯದ ಉಬ್ಬಿನವರೆಗೆ ಅಲ್ಲ), ಅದಕ್ಕೆ ಪಿನ್ ವ್ಯಾಸದ ಅರ್ಧ ಸೇರಿಸಿ. ಸ್ಟಾಕ್ ಪಿಸ್ಟನ್ನಿಗಿಂತ 5 ಮಿಮೀ ಕಡಿಮೆ ಬಂದರೆ ನಿಮ್ಮ ಅದೃಷ್ಟ. ಬರದಿದ್ದರೆ ಅವು ಈ ಕ್ರ್ಯಾಂಕಿಗೆ ಅಲ್ಲ, ಮಾರಿಬಿಡಿ. ರಾಡ್ ಯಾಕೆ ಸುಮ್ನೆ ಉದ್ದ ಮಾಡುತ್ತಾರೆ ಅಂತ ಅನಿಸಬಹುದು. 110 ರಾಡ್ ಇಟ್ಟುಕೊಂಡು ಸ್ಟ್ರೋಕ್ ಹೆಚ್ಚಿಸಿದರೆ ಕೆಳಗೆ ಹೋದಾಗ ಪಿಸ್ಟನ್‌ನ ಸ್ಕರ್ಟ್ (ಕೆಳಗಿನ ಅಂಚು) ಕ್ರ್ಯಾಂಕ್ ವೆಬ್‌ಗೆ (ಕ್ರ್ಯಾಂಕಿನ ಭಾರದ ತಟ್ಟೆಗೆ) 2 ಮಿಮೀ ಹತ್ತಿರ ಬರುತ್ತದೆ. 115ರಲ್ಲಿ ಪಿನ್ ಮೊದಲಿಗಿಂತ 3 ಮಿಮೀ ಮೇಲೇ ನಿಲ್ಲುತ್ತದೆ.

ಆ ಉಳಿದ 2 ಮಿಮೀ ಇದೆಯಲ್ಲ, ಇಡೀ ಎಂಜಿನ್ ಹೇಗೆ ಓಡುತ್ತದೆ ಅನ್ನುವುದು ಅದನ್ನು ಎಲ್ಲಿ ಹೊಂದಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಎರಡು ದಾರಿ. ಹೆಡ್‌ನಲ್ಲಿ 2 ಮಿಮೀ ಜಾಗ ಕೆತ್ತಿದ ಸ್ಟ್ರೋಕರ್ ಡೋಮ್ (ಹೆಡ್ ಒಳಗಿನ ಕಮಾನು ತುಂಡು) ಹಾಕಬಹುದು, ಇಲ್ಲವೇ ಸಿಲಿಂಡರ್ ಕೆಳಗೆ 2 ಮಿಮೀ ಪ್ಲೇಟ್ ಇಟ್ಟು ಎತ್ತಬಹುದು. ಪ್ಲೇಟ್ ಸುಲಭ, ಎಲ್ಲರೂ ಅದನ್ನೇ ಮಾಡುತ್ತಾರೆ, ಆದರೆ ಸಿಲಿಂಡರ್ ಎತ್ತಿದರೆ ಪೋರ್ಟ್‌ಗಳೂ (ಸಿಲಿಂಡರ್ ಗೋಡೆಯ ಕಿಂಡಿಗಳು) ಎದ್ದು ಬಿಡುತ್ತವೆ. ಈ ಕ್ರ್ಯಾಂಕಿನಲ್ಲಿ ಎಕ್ಸಾಸ್ಟ್ ತೆರೆಯುವ ಜಾಗದಲ್ಲಿ ಪಿಸ್ಟನ್ ಒಂದು ಡಿಗ್ರಿಗೆ ಸುಮಾರು ಅರ್ಧ ಮಿಮೀ ಸರಿಯುತ್ತದೆ, ಅಂದರೆ 2 ಮಿಮೀ ಎತ್ತಿದರೆ ಎಕ್ಸಾಸ್ಟ್ ಸುಮಾರು 4 ಡಿಗ್ರಿ ಮೊದಲೇ ತೆರೆದು 4 ಡಿಗ್ರಿ ತಡವಾಗಿ ಮುಚ್ಚುತ್ತದೆ. ಟ್ರಾನ್ಸ್‌ಫರ್ ಪೋರ್ಟ್ (ಹೊಸ ಮಿಶ್ರಣ ಒಳಗೆ ಬರುವ ಕಿಂಡಿ) ಇನ್ನೂ ಕೆಳಗಿದೆ, ಅಲ್ಲಿ ಪಿಸ್ಟನ್ ನಿಧಾನ, ಹಾಗಾಗಿ ಅದೇ 2 ಮಿಮೀಗೆ ಸುಮಾರು 5 ಡಿಗ್ರಿ. ಎಕ್ಸಾಸ್ಟ್ ತೆರೆದು ಒತ್ತಡ ಇಳಿಯುವುದಕ್ಕೆ ಸಿಗುವ ಸಮಯವೇ ಕಡಿಮೆಯಾಗುತ್ತದೆ, ಸುಟ್ಟ ಗ್ಯಾಸ್ ಟ್ರಾನ್ಸ್‌ಫರ್ ಒಳಕ್ಕೆ ನುಗ್ಗುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಸತ್ತ ಹಾಗೆ ಇರುತ್ತದೆ. ಆಮೇಲೆ ಜನ ಕಾರ್ಬ್ಯುರೇಟರ್‌ಗೆ ಬೈಯುತ್ತಾರೆ, ಪಾಪ.

ಆ ಸಿಲಿಂಡರ್ ಯಾವ ಸ್ಟ್ರೋಕ್‌ಗೆ ಅಂತ ಪೋರ್ಟ್ ಮಾಡಿದ್ದು ಅಂತ ನಿಮಗೆ ಗೊತ್ತಿಲ್ಲ ಅಲ್ವಾ? ಡಿಗ್ರಿ ವೀಲ್ (ಕ್ರ್ಯಾಂಕ್ ಎಷ್ಟು ತಿರುಗಿತು ಅಂತ ತೋರಿಸುವ ಡಿಗ್ರಿ ಗುರುತಿನ ತಟ್ಟೆ) ಕಟ್ಟಿ ನೋಡದೆ ಡೋಮೂ ಬೇಡ, ಪ್ಲೇಟೂ ಬೇಡ. ಬೇಸ್ ಗ್ಯಾಸ್ಕೆಟ್ ಹಾಕಿ, ರಿಂಗ್ ಇಲ್ಲದೆ ಪಿಸ್ಟನ್ ಸೇರಿಸಿ, ಕೈಯಲ್ಲೇ ತಿರುಗಿಸಿ ಪೋರ್ಟ್ ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಅಂತ ಬರೆದುಕೊಳ್ಳಿ. ಪೂರ್ತಿ ಕೆಳಗೆ ಬಂದಾಗ ಪಿಸ್ಟನ್ ಅಂಚು ಟ್ರಾನ್ಸ್‌ಫರ್ ತಳಕ್ಕೆ ಸಮ ಇದೆಯಾ ಅಂತಲೂ ನೋಡಿ. ತಿರುಗಿಸುವಾಗ ಎಲ್ಲಾದರೂ ಟಿಕ್ ಅಂದರೆ ನಿಲ್ಲಿಸಿ. ರಾಡ್‌ನ ದೊಡ್ಡ ತುದಿ ಈಗ 2 ಮಿಮೀ ಆಚೆ ಸುತ್ತುತ್ತದೆ, ಕೇಸ್‌ಗೆ ತಾಗುತ್ತಿರಬಹುದು.

ಇನ್ನೊಂದು, ಬಹಳ ಜನ ನೋಡುವುದೇ ಇಲ್ಲ. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ತಿರುಗದ ಹಾಗೆ ಒಂದು ಸಣ್ಣ ಪಿನ್ ಇರುತ್ತದೆ. ರಿಂಗ್‌ನ ಎರಡು ತುದಿಗಳು ಆ ಪಿನ್ ಹತ್ತಿರ ಸೇರುತ್ತವೆ. ಆ ಜಾಗ ಪೋರ್ಟ್ ಎದುರಿಗೆ ಬಂದರೆ ತುದಿ ಹೊರಗೆ ಚಿಮ್ಮಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ನನ್ನ ಬೆಂಚಿಗೆ ಒಮ್ಮೆ ಇಂಥದ್ದೇ ಕಲಬೆರಕೆ ಎಂಜಿನ್ ಬಂದಿತ್ತು. ಬೋರ್ ಸರಿ, ರಾಡ್ ಸೇರುವ ಪಿನ್ನಿನ ಎತ್ತರ ಸರಿ, ಕೈಯಲ್ಲಿ ಬೆಣ್ಣೆ ಹಾಗೆ ತಿರುಗುತ್ತಿತ್ತು. ಹಿಂದಿನಿಂದ ರೀಡ್ (ಇನ್‌ಟೇಕ್ ವಾಲ್ವ್) ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಹಿಂಬದಿಯ ಬೂಸ್ಟ್ ಪೋರ್ಟ್ (ಹೆಚ್ಚುವರಿ ಟ್ರಾನ್ಸ್‌ಫರ್ ಕಿಂಡಿ) ಕಿಟಕಿಯ ಅಂಚಿನಲ್ಲೇ ರಿಂಗ್ ತುದಿ ಇಣುಕುತ್ತಿತ್ತು. ಆ ಸಿಲಿಂಡರಿನ ಬೂಸ್ಟ್ ಪೋರ್ಟ್ ಪಿಸ್ಟನ್ ಮಾಡಿದವರು ಅಂದುಕೊಂಡಿದ್ದಕ್ಕಿಂತ ಅಗಲ ಇತ್ತು, ಅಷ್ಟೇ. ಪಿಸ್ಟನ್ ತಲೆ ಮೇಲೆ ಆ ಸಣ್ಣ ರಿಂಗ್ ಪಿನ್ ಎಲ್ಲಿದೆ ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದು, ಸಿಲಿಂಡರ್‌ಗೆ ಇಳಿಸಿ ನೋಡಿ. ಎರಡೂ ಕಡೆ ಗಟ್ಟಿ ಗೋಡೆ ಇರಬೇಕು.

ಹಳೆ ಹೆಡ್ ಆಸೆ ಬಿಡಿ. ಅದರ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) 64 ಮಿಮೀ ಬೋರ್‌ಗೆ ಆದದ್ದು, ನಿಮ್ಮ ಪಿಸ್ಟನ್ ಅಂಚು ಹೋಗಿ ಹೊಡೆಯುತ್ತದೆ. ಕೊರೆಸಿ ಹೊಂದಿಸಿದರೂ ಕಂಪ್ರೆಷನ್ ಲೆಕ್ಕ ಬೇರೆ. ಮೊದಲು ಒಂದು ಸಿಲಿಂಡರ್ 174 ಸಿಸಿ ಇತ್ತು, ಈಗ ಸುಮಾರು 211. ಚೇಂಬರ್ 18 ಸಿಸಿ ಅಂತ ಇಟ್ಟುಕೊಂಡರೆ ಕಂಪ್ರೆಷನ್ ಅನುಪಾತ 10.6ರಷ್ಟಿದ್ದದ್ದು 12.7ಕ್ಕೆ ಏರುತ್ತದೆ, ಮಾಮೂಲಿ ಪೆಟ್ರೋಲ್‌ನಲ್ಲಿ ನಾಕ್ (ಮಿಶ್ರಣ ತಾನಾಗಿ ಸಿಡಿಯುವುದು) ಆಗಿ ಪಿಸ್ಟನ್ ತೂತಾಗುವುದೇ. ಡೋಮ್ ಬದಲಾಯಿಸಬಹುದಾದ ಹೆಡ್ ತೆಗೆದುಕೊಂಡು ಚೇಂಬರ್ ದೊಡ್ಡದು ಮಾಡಿಸಿ. ಸ್ಕ್ವಿಶ್ (ಪಿಸ್ಟನ್ ಅಂಚು ಮತ್ತು ಹೆಡ್ ನಡುವಿನ ಸಂದು) ಅಳೆಯುವುದಕ್ಕೆ ಸಾಲ್ಡರ್ ತಂತಿ ಸಾಕು: ಪಿಸ್ಟನ್ ಪಿನ್ ಇರುವ ಸಾಲಿನಲ್ಲೇ ಎರಡೂ ಬದಿ ಇಡಿ, ಬೇರೆ ಕಡೆ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತದೆ. ಹೆಡ್ ಬಿಗಿದು, ತಿರುಗಿಸಿ, ಚಪ್ಪಟೆಯಾದ ತುದಿ ಅಳೆಯಿರಿ. 1.2 ಮಿಮೀ ಆಸುಪಾಸು ಬಂದರೆ ನಾನು ಖುಷಿ.

ಕೇಸ್ ಮತ್ತು ಸಿಲಿಂಡರ್ ಟ್ರಾನ್ಸ್‌ಫರ್ ಬಾಯಿಗಳು ಖಂಡಿತ ಸೇರುವುದಿಲ್ಲ. ಬೇಸ್ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು ಗೆರೆ ಎಳೆದು ಉಜ್ಜಿ, ಕ್ರ್ಯಾಂಕ್ ಹೊರಗೆ ಇರುವಾಗಲೇ. ಸಿಲಿಂಡರ್ ಒಳಗೆ ನಿಕಾಸಿಲ್ (ನಿಕಲ್-ಸಿಲಿಕಾನ್ ಕಾರ್ಬೈಡ್) ಲೇಪ ಇದ್ದರೆ ಬೋರ್ ಮಾಡಿಸುವ ಮಾತೇ ಇಲ್ಲ, ಲೇಪ ಎದ್ದಿದ್ದರೆ ಮತ್ತೆ ಲೇಪ ಹಾಕಿಸಬೇಕು. ರಿಂಗ್ ಗ್ಯಾಪ್ (ರಿಂಗ್‌ನ ಎರಡು ತುದಿಗಳ ನಡುವಿನ ಸಂದು) ಪ್ರತಿ 25 ಮಿಮೀ ಬೋರ್‌ಗೆ 0.1 ಮಿಮೀ ಅಂತ ಲೆಕ್ಕ, ನಿಮಗೆ 0.27 ಆಸುಪಾಸು, ಪಿಸ್ಟನ್ ಮಾಡಿದವರ ಚೀಟಿ ಸಿಕ್ಕರೆ ಅದೇ ಅಂತಿಮ. ಕ್ರ್ಯಾಂಕ್ ಓಲಾಟ ಡಯಲ್ ಗೇಜ್‌ನಲ್ಲಿ 0.05 ಮಿಮೀ ದಾಟಿದರೆ ನಾನಂತೂ ಹಾಕುವುದಿಲ್ಲ.

ಎಲ್ಲ ಬಿಗಿದ ಮೇಲೆ ಇನ್‌ಟೇಕ್, ಎಕ್ಸಾಸ್ಟ್ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ. ಆರು ನಿಮಿಷ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳೆ ಬರುತ್ತದೆ ನೋಡಿ. ಕ್ರ್ಯಾಂಕ್ ಸೀಲ್ ಸೋರಿದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿಯಾಗಿ ಎಂಜಿನ್ ಸೀಜ್ ಆಗುತ್ತದೆ. ದೊಡ್ಡ ಮೇನ್ ಜೆಟ್‌ನಿಂದ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಶುರು ಮಾಡಿ, ಪ್ಲಗ್ ಬಣ್ಣ ನೋಡುತ್ತಾ ಇಳಿಸಿ. ಸ್ಟಾಕ್ ಎಕ್ಸಾಸ್ಟ್ ಪೈಪ್‌ನಲ್ಲಿ 421 ಪೂರ್ತಿ ಉಸಿರಾಡುವುದಿಲ್ಲ, ಅದು ಆಮೇಲಿನ ಖರ್ಚು.

ಪಿನ್ ಎತ್ತರ ಮತ್ತು ಡಿಗ್ರಿ ವೀಲ್ ಅಂಕಿ ಸಿಕ್ಕ ಮೇಲೆ ಇಲ್ಲೇ ಬರೆಯಿರಿ, ಡೋಮಾ ಪ್ಲೇಟಾ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಹೆಡ್ ಆರ್ಡರ್ ಮಾಡಬೇಡಿ.